ಕಾವಲಿಯ ಬೆಳದಿಂಗಳು

ತಿಂಡಿಯೊಂದು ಯಾರದು ಎಂಬ ಪ್ರಶ್ನೆ ಅಡಿಗೆಮನೆಯನ್ನು ದಾಟಿ ಸರಕಾರದ ದಫ್ತರದವರೆಗೂ ಹೋಗುವ ಕಾಲವಿದು. ರಸಗುಲ್ಲ ತಮ್ಮದೆಂದು ಬಂಗಾಳದವರೂ ಒಡಿಶಾದವರೂ ವರ್ಷಗಟ್ಟಲೆ ವಾದಿಸಿದರು. 2017ರಲ್ಲಿ ಬಂಗಾಳದ ರಸಗುಲ್ಲಕ್ಕೂ 2019ರಲ್ಲಿ ಒಡಿಶಾದ ರಸಗುಲ್ಲಕ್ಕೂ ಬೇರೆಬೇರೆಯಾಗಿ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿತು. ಹೆತ್ತವರಿಬ್ಬರೂ ತಮ್ಮ ತಮ್ಮ ಮಗುವನ್ನು ಎತ್ತಿಕೊಂಡು ಮನೆಗೆ ಹೋದರು. ಇದರಲ್ಲಿ ತಪ್ಪೇನೂ ಇಲ್ಲ. ಊರಿನ ಕೈರುಚಿಗೆ ಮಾನ್ಯತೆ ದೊರೆಯುವುದು ಸಂತೋಷದ ಸಂಗತಿಯೇ. ಆದರೆ ‘ಇದು ನಮ್ಮದು’ ಎಂಬ ಮಾತೇ ಎಲ್ಲೆಲ್ಲಿಯೂ ಕೇಳಿಬರುತ್ತಿರುವಾಗ, ಊರೂರೂ ‘ಇದು ಇನ್ನಾರದೋ’ ಎಂದು ಹೇಳುತ್ತ, ಹೇಳುತ್ತಲೇ ಅಕ್ಕರೆಯಿಂದ ತಿನ್ನುವ ತಿಂಡಿಯೊಂದು ಇದೆಯೆಂದರೆ ಅದರ ಕಡೆಗೆ ಮನಸ್ಸು ತಾನಾಗಿ ಹರಿಯುತ್ತದೆ.

ಆ ತಿಂಡಿ ಇಂಡೊನೇಷ್ಯದ್ದು. ಅಲ್ಲಿಯ ಪಟ್ಟಣಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಬೀದಿಯ ಬದಿಯಲ್ಲಿ ತಳ್ಳುಗಾಡಿಗಳು ಬಂದು ನಿಲ್ಲುತ್ತವೆ. ದಪ್ಪ ತಳದ, ದುಂಡನೆಯ ಕಾವಲಿಗಳ ಮೇಲೆ ಹಿಟ್ಟು ಹುಯ್ಯುತ್ತಾರೆ. ಅದು ಉಬ್ಬಿ, ಮೈತುಂಬ ರಂಧ್ರ ಮೂಡಿ, ಅಂಗೈದಪ್ಪದ ಸಿಹಿ ದೋಸೆಯಾಗುತ್ತದೆ. ಬಿಸಿಯಿರುವಾಗಲೇ ಬೆಣ್ಣೆ ಬಳಿದು, ಕಡಲೆಕಾಯಿ ಬೀಜದ ತರಿ, ಎಳ್ಳು, ಸಕ್ಕರೆ, ಚಾಕೊಲೇಟಿನ ಎಳೆಗಳು, ತುರಿದ ಚೀಸು, ಡಬ್ಬಿಯ ಗಟ್ಟಿ ಹಾಲು ಇವುಗಳಲ್ಲಿ ಬೇಕಾದುದನ್ನು ಹರಡಿ, ನಡುವೆ ಮಡಿಚಿ, ತುಂಡು ಮಾಡಿ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ತಿಂದವರಿಗೆ ಅದರ ರುಚಿಯನ್ನು ಹೇಳಬೇಕಾದುದಿಲ್ಲ. ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ. ಅದರ ಹೆಸರನ್ನು ಕುರಿತು ಮಾತ್ರ ಇಬ್ಬರಿಗೂ ಹೇಳಬಹುದು.

ಊರಿಗೊಂದು ಹೆಸರು

ಜಾವದ ಪಶ್ಚಿಮ ಭಾಗದಲ್ಲಿ ಇದಕ್ಕೆ ‘ಮಾರ್ತಬಾಕ್ ಮಾನಿಸ್’ ಎಂದು ಹೆಸರು. ‘ಮಾನಿಸ್’ ಎಂದರೆ ಸಿಹಿ. ‘ಮಾರ್ತಬಾಕ್’ ಅರಬ್ಬಿಯಿಂದ ಬಂದ ಶಬ್ದ. ‘ಮುತಬ್ಬಕ್’, ಅಂದರೆ ಮಡಿಸಿದ್ದು. ಮೊಟ್ಟೆ, ಮಾಂಸ, ಈರುಳ್ಳಿಗಳನ್ನು ತೆಳು ಕಣಕದಲ್ಲಿಟ್ಟು ಮಡಿಸಿ ಕರಿಯುವ ಖಾರದ ತಿಂಡಿಗೆ ಆ ಹೆಸರು ಸಹಜವಾಗಿ ಸಲ್ಲುತ್ತದೆ. ಅರಬರ ಮತ್ತು ಭಾರತದ ಮುಸಲ್ಮಾನ ವರ್ತಕರ ಜೊತೆ ಹಡಗು ಹತ್ತಿ ಬಂದ ತಿಂಡಿ ಅದು. ಸಿಹಿಯಾದುದೂ ಅದೇ ಗಾಡಿಯಲ್ಲಿ ಮಾರಾಟವಾಯಿತು, ಅದನ್ನೂ ಮಡಿಸುತ್ತಿದ್ದರು. ಹೀಗೆ ಹಿಟ್ಟಿನಲ್ಲಿಯೂ ಹುಟ್ಟಿನಲ್ಲಿಯೂ ಸಂಬಂಧವಿಲ್ಲದ ತಿಂಡಿಗೆ ಖಾರದ ಅಣ್ಣನ ಹೆಸರು ಅಂಟಿಕೊಂಡಿತು.

ಜಕಾರ್ತದ ಗಾಡಿಗಳ ಫಲಕದಲ್ಲಿ ‘ಮಾರ್ತಬಾಕ್ ಬಾಂಕಾ’ ಎಂದಿರುತ್ತದೆ: ಬಾಂಕಾ ದ್ವೀಪದವರದು ಎಂದು ತಾತ್ಪರ್ಯ. ಮಧ್ಯ ಜಾವದ ಸೆಮರಾಂಗ್ ನಗರದವರು ‘ಕುಯೆ ಬಾಂಡುಂಗ್’, ಎಂದರೆ ಬಾಂಡುಂಗಿನ ತಿಂಡಿ ಎನ್ನುತ್ತಾರೆ. ಕಾಲಿಮಂತಾನಿನ ಪೊಂಟಿಯಾನಕ್‌ನಲ್ಲಿ ಅದು ‘ಅಪಂ ಪಿನಾಂಗ್’. ‘ಪಿನಾಂಗ್’ ಮಲಯ ಭಾಷೆಯಲ್ಲಿ ಅಡಿಕೆಯ ಹೆಸರು. ಪೆನಾಂಗ್ ದ್ವೀಪಕ್ಕೆ ಆ ಹೆಸರು ಬಂದುದೂ ಅಡಿಕೆಯಿಂದಲೇ. ಮಲೇಷ್ಯದಲ್ಲಿ ಇದರ ನಿಕಟ ಬಂಧುವಿಗೆ ‘ಅಪಂ ಬಾಲಿಕ್’, ಮಗುಚಿದ ಅಪ್ಪ, ಎಂದು ಹೆಸರು.

ಇನ್ನು ಬಾಂಕಾ ದ್ವೀಪಕ್ಕೆ ಹೋಗಿ ‘ಇದು ನಿಮ್ಮದಷ್ಟೆ?’ ಎಂದು ಕೇಳೋಣ. ಅಲ್ಲಿಯ ಹಕ್ಕಾ ಚೀನೀಯರು ಇದನ್ನು ಕರೆಯುವುದು ‘ಹೊಕ್ ಲೋ ಪಾನ್’ ಎಂದು. ಹೊಕ್ಲೋ ಎಂಬ ಬೇರೊಂದು ಚೀನೀ ಜನವರ್ಗದವರ ಕಜ್ಜಾಯ ಎಂದು ಅದರ ಅರ್ಥ! ಬಾಗಿಲು ಬಾಗಿಲಿಗೆ ಹೋಗಿ ಕೇಳಿದರೂ ‘ನಮ್ಮದಲ್ಲ, ಆಚೆ ಮನೆಯವರದು’ ಎಂಬ ಉತ್ತರವೇ ಬರುತ್ತದೆ.

ಇದು ವಿಚಿತ್ರವೆನಿಸಿದರೂ ನಮಗೆ ಅಪರಿಚಿತವಾದ ರೀತಿಯಲ್ಲ. ಪಪ್ಪಾಯಿಯನ್ನು ನಾವು ‘ಪರಂಗಿ ಹಣ್ಣು’ ಎಂದು ಪರಂಗಿಯವರ ಲೆಕ್ಕಕ್ಕೆ ಬರೆದಿದ್ದೇವೆ. ಸೀಮೆಬದನೆ, ಸೀಮೆಸುಣ್ಣ, ಸೀಮೆಎಣ್ಣೆಗಳು ಇನ್ನಾವುದೋ ಸೀಮೆಯವು. ಉಪ್ಪಿಟ್ಟಿನ ದಪ್ಪ ರವೆ ನಮ್ಮ ಅಂಗಡಿಗಳಲ್ಲಿ ‘ಬಾಂಬೆ ರವೆ’. ಮೈಸೂರಿನವರು ಅಷ್ಟಾಗಿ ಅರಿಯದ ‘ಮೈಸೂರು ಬಜ್ಜಿ’ ಆಂಧ್ರದ ಹೋಟೆಲುಗಳಲ್ಲಿ ನಿತ್ಯವೂ ಬೇಯುತ್ತದೆ. ದೂರದಿಂದ ಬಂದ ವಸ್ತುವಿಗೆ ದೂರದ ಹೆಸರಿಡುವುದು ಭಾಷೆಯ ಪ್ರಾಮಾಣಿಕತೆ. ‘ಇದನ್ನು ನಾನು ಪಡೆದೆ’ ಎಂದು ಒಪ್ಪಿಕೊಂಡ ರಸೀದಿ.

ಇಷ್ಟು ಹೆಸರುಗಳ ನಡುವೆ ಯಾರ ಊರನ್ನೂ ಹೇಳದ ಹೆಸರೂ ಉಂಟು. ಸುರಬಾಯ ಮೊದಲಾದ ಪೂರ್ವ ಜಾವದ ಊರುಗಳಲ್ಲಿ ಈ ತಿಂಡಿ ‘ತೆರಾಂಗ್ ಬುಲಾನ್’. ‘ತೆರಾಂಗ್’ ಎಂದರೆ ಬೆಳಕಾದುದು, ‘ಬುಲಾನ್’ ಎಂದರೆ ಚಂದ್ರ. ‘ಬುಲಾನ್’ ಶಬ್ದಕ್ಕೆ ಮಾಸವೆಂಬ ಅರ್ಥವೂ ಉಂಟು. ಕನ್ನಡ ಬಲ್ಲವರಿಗೆ ಕೂಡಲೇ ನೆನಪಾಗಬೇಕಾದುದು ನಮ್ಮ ‘ತಿಂಗಳು’. ಆಕಾಶದ ತಿಂಗಳೂ ಪಂಚಾಂಗದ ತಿಂಗಳೂ ನಮಗೆ ಒಂದೇ ಮಾತು. ಬೆಳ್ ಮತ್ತು ತಿಂಗಳ್ ಕೂಡಿ ಬೆಳ್ದಿಂಗಳಾದಂತೆ ಅಲ್ಲಿ ತೆರಾಂಗ್ ಮತ್ತು ಬುಲಾನ್ ಕೂಡಿವೆ. ಒಂದನ್ನೊಂದು ಅರಿಯದ ಎರಡು ಭಾಷೆಗಳು ಒಂದೇ ಸಮಾಸವನ್ನು ಕಟ್ಟಿವೆ. ಕಾವಲಿಯಿಂದ ಎಬ್ಬಿದ, ಮಡಿಸುವ ಮುಂಚಿನ ಆ ಹಳದಿ ದುಂಡನ್ನು ನೋಡಿದವರಿಗೆ ಹೆಸರಿನ ಔಚಿತ್ಯ ತಿಳಿಯುತ್ತದೆ. ಕನ್ನಡದಲ್ಲಿ ಅದನ್ನು ಬೆಳದಿಂಗಳ ದೋಸೆ ಎನ್ನಲು ಅಡ್ಡಿಯಿಲ್ಲ.

ತವರದ ದ್ವೀಪ

ಬಾಂಕಾ ಸುಮಾತ್ರದ ಪೂರ್ವಕ್ಕಿರುವ ದ್ವೀಪ. ಶಾಸನಗಳ ಅಭ್ಯಾಸವುಳ್ಳವರಿಗೆ ಅದರ ಹೆಸರು ಹೊಸದಲ್ಲ. ಶ್ರೀವಿಜಯ ಸಾಮ್ರಾಜ್ಯದ ಕ್ರಿ.ಶ. 686ರ ಕೋತಾ ಕಪೂರ್ ಶಾಸನ ದೊರೆತದ್ದು ಅಲ್ಲಿಯೇ. ಅದರ ಭಾಷೆ ಹಳೆಯ ಮಲಯ, ಲಿಪಿ ಪಲ್ಲವ. ‘ಕೋತಾ’ ನಮ್ಮ ಕೋಟೆಯ ಬಂಧು. ಆದರೆ ದ್ವೀಪದ ಭವಿಷ್ಯವನ್ನು ತಿರುಗಿಸಿದ್ದು ಕಲ್ಲಿನ ಬರೆಹವಲ್ಲ, ನೆಲದೊಳಗಿನ ತವರ. 18ನೆಯ ಶತಮಾನದಲ್ಲಿ ಪಾಲೆಂಬಾಂಗಿನ ಸುಲ್ತಾನರ ಆಳ್ವಿಕೆಯಲ್ಲಿ ಗಣಿಗಳ ಕೆಲಸಕ್ಕೆ ದಕ್ಷಿಣ ಚೀನದಿಂದ ಕೂಲಿಗಳು ಬಂದರು. ಅವರಲ್ಲಿ ಹಕ್ಕಾ ಜನರ ಸಂಖ್ಯೆ ದೊಡ್ಡದು. ಮುಂದೆ ಡಚ್ಚರ ಆಡಳಿತದಲ್ಲಿಯೂ ಈ ವಲಸೆ ನಡೆಯುತ್ತಲೇ ಇತ್ತು. ಅನೇಕರು ಮರಳಲಿಲ್ಲ, ಅಲ್ಲಿಯೇ ಮದುವೆಯಾದರು, ಮನೆಮಾಡಿದರು.

‘ಹಕ್ಕಾ’ ಎಂಬ ಮಾತಿಗೇ ಅತಿಥಿ ಮನೆತನದವರು ಎಂದರ್ಥ. ಚೀನದೊಳಗೇ ವಲಸೆ ಬಂದು ಅತಿಥಿಗಳೆನಿಸಿಕೊಂಡವರು, ಕಡಲು ದಾಟಿ ಮತ್ತೊಮ್ಮೆ ಅತಿಥಿಗಳಾದರು. ಅವರ ಹೊಕ್ ಲೋ ಪಾನ್ ಅತಿ ಸರಳವಾದುದು: ಹಿಟ್ಟು, ಮೇಲೆ ಸಕ್ಕರೆ, ಹುರಿದ ಎಳ್ಳು. ಬಾಂಕಾದವರು ಜಾವದ ನಗರಗಳಿಗೆ ಬಂದು ಗಾಡಿಯಿಟ್ಟ ಮೇಲೆ ಅದರ ಮೈಮೇಲೆ ಒಡವೆಗಳು ಏರತೊಡಗಿದವು.

ಆ ಒಡವೆಗಳ ಹೆಸರನ್ನು ಕೂಡ ಒಮ್ಮೆ ಗಮನಿಸಬೇಕು. ಇಂಡೊನೇಷ್ಯದ ಭಾಷೆಯಲ್ಲಿ ಗೋಧಿ ಹಿಟ್ಟಿಗೆ ‘ತೆರಿಗು’, ಬೆಣ್ಣೆಗೆ ‘ಮೆಂತೆಗಾ’, ಚೀಸಿಗೆ ‘ಕೇಜು’. ಮೂರೂ ಪೋರ್ತುಗೀಸರು ಬಿಟ್ಟುಹೋದ ಶಬ್ದಗಳು. ನಮಗೆ ಅವರು ಬಟಾಟೆ, ಅನಾನಸು, ಪಗಾರಗಳನ್ನು ಬಿಟ್ಟುಹೋದ ಹಾಗೆ. ಚಾಕೊಲೇಟಿನ ಎಳೆಗಳಿಗೆ ‘ಮೆಸೆಸ್’ ಎನ್ನುತ್ತಾರೆ. ಡಚ್ಚರು ರೊಟ್ಟಿಯ ಮೇಲೆ ಉದುರಿಸಿಕೊಳ್ಳುವ ಸೋಂಪಿನ ಸಕ್ಕರೆಕಾಳಿಗೆ ಅವರ ಭಾಷೆಯಲ್ಲಿ ‘ಪುಟ್ಟ ಇಲಿಗಳು’ ಎಂದು ಹೆಸರು. ಆ ಇಲಿಗಳೇ ಜಾವಕ್ಕೆ ಬಂದು ಮೆಸೆಸ್ ಆದವು. ಸಕ್ಕರೆಗೆ ‘ಗುಲಾ’, ಅದು ಸಂಸ್ಕೃತದ ‘ಗುಡ’. ಒಂದು ತುಂಡು ದೋಸೆಯನ್ನು ಬಾಯಿಗಿಟ್ಟವನು ಪೋರ್ತುಗೀಸ್, ಡಚ್, ಸಂಸ್ಕೃತ, ಅರಬ್ಬಿ, ಚೀನೀ ಭಾಷೆಗಳನ್ನು ಒಟ್ಟಿಗೆ ಅಗಿಯುತ್ತಾನೆ. ಭಾಷಾಶಾಸ್ತ್ರವನ್ನು ಇಷ್ಟು ಸುಲಭವಾಗಿ ಜೀರ್ಣಿಸಿಕೊಳ್ಳುವ ಅವಕಾಶ ವಿದ್ಯಾರ್ಥಿಗಳಿಗೆ ಬೇರೆಡೆ ಸಿಕ್ಕದು.

ಮನೆಯಲ್ಲಿ ಮಾಡುವ ಬಗೆ

16ನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ ನಮ್ಮ ಮೂರನೆಯ ಮಂಗರಸನು ಮೊದಲ ಅಧ್ಯಾಯವನ್ನು ಪಿಷ್ಟಪಾಕಕ್ಕೆ, ಎಂದರೆ ಹಿಟ್ಟಿನ ತಿಂಡಿಗಳಿಗೆ, ಮೀಸಲಿಟ್ಟನು. ಪಾಕವಿಧಾನವನ್ನು ಷಟ್ಪದಿಯಲ್ಲಿ ಹಾಡಿದ ನಾಡಿನಲ್ಲಿ ಅದನ್ನು ಗದ್ಯದಲ್ಲಿ ಹೇಳಲು ಸಂಕೋಚಪಡಬೇಕಾಗಿಲ್ಲ.

ಎರಡು ದೋಸೆಗೆ 250 ಗ್ರಾಂ ಮೈದಾ, 50 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು, ಒಂದು ಮೊಟ್ಟೆ, ಸುಮಾರು 300 ಮಿಲಿಲೀಟರು ನೀರು ಸಾಕು. ಮೊಟ್ಟೆಯನ್ನು ತಿನ್ನದವರು ಅದನ್ನು ಬಿಟ್ಟು ನೀರನ್ನು ತುಸು ಹೆಚ್ಚಿಸಿಕೊಳ್ಳಬಹುದು. ರಂಧ್ರಗಳಿಗೆ ಕಾರಣವಾದುದು ಮೊಟ್ಟೆಯಲ್ಲ. ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಗಂಟಿಲ್ಲದಂತೆ ಐದಾರು ನಿಮಿಷ ಚೆನ್ನಾಗಿ ಕಡೆಯಬೇಕು. ಸೌಟಿನಿಂದ ಎತ್ತಿ ಬಿಟ್ಟರೆ ಹಿಟ್ಟು ಕಡಿಯದೆ ಧಾರೆಯಾಗಿ ಇಳಿಯಬೇಕು. ಉದ್ದಿನ ದೋಸೆಯ ಹಿಟ್ಟಿಗಿಂತ ಒಂದಿಷ್ಟು ತೆಳು ಎಂದರೆ ಹದ ತಿಳಿಯುತ್ತದೆ. ಅದನ್ನು ಮುಚ್ಚಿ ಒಂದು ಗಂಟೆ ಬಿಡಬೇಕು. ಹಿಟ್ಟು ನೀರನ್ನು ಹೀರಿ ಮೆತ್ತಗಾಗುವುದಕ್ಕೆ ಈ ವಿರಾಮ ಅಗತ್ಯ.

ಅಡಿಗೆ ಸೋಡವನ್ನು ಈಗಲೇ ಬೆರೆಸಕೂಡದು. ಕಾವಲಿ ಕಾದು ಸಿದ್ಧವಾದ ಮೇಲೆ ಅರ್ಧ ಚಹಾ ಚಮಚ ಸೋಡವನ್ನು ಒಂದು ಚಮಚ ನೀರಿನಲ್ಲಿ ಕದಡಿ, ಹುಯ್ಯುವ ಮುಂಚೆ ಕಲಸಬೇಕು. ಅರ್ಧ ಹಿಟ್ಟಿಗೆ ಅರ್ಧ ಸೋಡ ಎಂದು ಒಂದೊಂದು ದೋಸೆಗೂ ಬೇರೆಯಾಗಿ ಕಲಸಿದರೆ ಇನ್ನೂ ಒಳ್ಳೆಯದು. ಸೋಡ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಕಾವಲಿ ಸುಮಾರು 20 ಸೆಂಟಿಮೀಟರು ಅಗಲದ, ಎರಡು ಬೆರಳು ಎತ್ತರದ ಅಂಚಿನ, ಭಾರವಾದ ಎರಕದ ಕಬ್ಬಿಣದ್ದಾದರೆ ಉತ್ತಮ. ತೆಳು ತಳದ ಪಾತ್ರೆ ಕೆಳಗೆ ಸುಟ್ಟು ಮೇಲೆ ಹಸಿ ಉಳಿಸುತ್ತದೆ. ನೀರಿನ ಹನಿ ಬಿದ್ದರೆ ಕುಣಿಯುವಷ್ಟು ಕಾಯಿಸಿ, ಎಣ್ಣೆಯ ಬಟ್ಟೆಯಿಂದ ಒಮ್ಮೆ ಒರೆಸಿ, ಅರ್ಧ ಹಿಟ್ಟನ್ನು ಒಂದೇ ಬಾರಿಗೆ ಹುಯ್ಯಬೇಕು. ಕೂಡಲೇ ಸೌಟಿನ ಬೆನ್ನಿನಿಂದ ಹಿಟ್ಟನ್ನು ಅಂಚಿನ ಗೋಡೆಗೆ ಸುತ್ತಲೂ ಸವರಬೇಕು. ಈ ತೆಳುವಾದ ಅಂಚು ಗರಿಗರಿಯಾಗಿ ಬೇಯುತ್ತದೆ. ಮಕ್ಕಳು ಜಗಳವಾಡುವುದು ಅದಕ್ಕಾಗಿಯೇ.

ಮುಂದಿನದು ತಾಳ್ಮೆಯ ಕೆಲಸ. ಉರಿಯನ್ನು ತಗ್ಗಿಸಿ, ಮುಚ್ಚಳವಿಡದೆ ನೋಡುತ್ತಿರಬೇಕು. ಬಿಸಿಗೆ ಸೋಡ ಒಡೆದು ಅಂಗಾರಾಮ್ಲವಾಯುವನ್ನು ಬಿಡುತ್ತದೆ. ಗುಳ್ಳೆಗಳು ತಳದಿಂದ ಹುಟ್ಟಿ, ಇನ್ನೂ ದ್ರವವಾಗಿರುವ ಹಿಟ್ಟಿನ ಮೂಲಕ ನೆಟ್ಟಗೆ ಮೇಲೇರುತ್ತವೆ. ಅವು ಏರಿದ ದಾರಿಯ ಗೋಡೆಗಳು ಅಷ್ಟರಲ್ಲಿ ಬೆಂದು ಗಟ್ಟಿಯಾಗುತ್ತವೆ; ಗುಳ್ಳೆ ಒಡೆದರೂ ದಾರಿ ಉಳಿಯುತ್ತದೆ. ಹಿಟ್ಟು ಮಂದವಾದರೆ ಗುಳ್ಳೆ ಏರಲಾರದು; ನೀರಾದರೆ ಗೋಡೆ ನಿಲ್ಲಲಾರದು. ಮೈತುಂಬ ರಂಧ್ರ ಮೂಡಿದುದಕ್ಕೆ ಅಲ್ಲಿಯವರು ‘ಬೆರ್ಸಾರಾಂಗ್’, ಗೂಡುಕಟ್ಟಿತು, ಎನ್ನುತ್ತಾರೆ. ನಾವಾದರೆ ಜೇನುಗೂಡಿನ ಹಾಗೆ ಎನ್ನುತ್ತೇವೆ. ಬೆಳದಿಂಗಳ ಹಳದಿಗೂ ಸೋಡದ ನೆರವುಂಟು: ಗೋಧಿಯ ಹಿಟ್ಟಿನಲ್ಲಿ ಅಡಗಿರುವ ವರ್ಣದ್ರವ್ಯ ಕ್ಷಾರದ ಸಂಗದಿಂದ ಹಳದಿಗೆ ತಿರುಗುತ್ತದೆ.

ಮೇಲ್ಮೈಯಲ್ಲೆಲ್ಲ ರಂಧ್ರಗಳು ತೆರೆದು, ನಡುವೆ ಮಾತ್ರ ಇನ್ನೂ ತುಸು ಹಸಿಯಿರುವಾಗ ಎರಡು ಚಮಚ ಸಕ್ಕರೆಯನ್ನು ಉದುರಿಸಿ ಆಗ ಮುಚ್ಚಳವಿಡಬೇಕು. ಅದಕ್ಕೆ ಮುಂಚೆ ಮುಚ್ಚಿದರೆ ಆವಿಯ ನೀರು ಇಳಿದು ಗೂಡುಗಳು ಮುಚ್ಚಿಹೋಗುತ್ತವೆ. ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬೆಂದ ಮೇಲೆ ಸಟ್ಟುಗದಿಂದ ಅಂಚನ್ನು ಬಿಡಿಸಿ ಇಳಿಸಿಕೊಳ್ಳಬಹುದು. ಈ ದೋಸೆಯನ್ನು ಮಗುಚಿ ಬೇಯಿಸುವ ಪದ್ಧತಿಯಿಲ್ಲ. ಬಿಸಿ ಮೈಗೆ ಬೆಣ್ಣೆಯನ್ನು ಧಾರಾಳವಾಗಿ ಸವರಿದರೆ ರಂಧ್ರಗಳೆಲ್ಲ ಅದನ್ನು ಕುಡಿಯುತ್ತವೆ. ಹುರಿದು ತರಿಮಾಡಿದ ಕಡಲೆಕಾಯಿ ಬೀಜ, ಎಳ್ಳು, ಮೇಲೊಂದು ಧಾರೆ ಗಟ್ಟಿ ಹಾಲು, ಇಷ್ಟಿದ್ದರೆ ಸಾಕು. ಮಡಿಸಿ ಹೊರಮೈಗೂ ಬೆಣ್ಣೆ ತಗುಲಿಸಿ ಕತ್ತರಿಸಬೇಕು. ಒಂದು ದೋಸೆ ನಾಲ್ವರಿಗೆ. ಒಬ್ಬನೇ ತಿನ್ನುವ ತಿಂಡಿ ಇದಲ್ಲ.

ಅಪ್ಪದ ಬಳಗ

ನಮ್ಮ ಕರಾವಳಿಯ ಓದುಗರು ಇಷ್ಟು ಹೊತ್ತಿಗೆ ‘ಇದು ನಮ್ಮ ಸುರ್ನಳಿಯ ಹಾಗಿದೆಯಲ್ಲ’ ಎಂದುಕೊಂಡಿರಬೇಕು. ಕೊಂಕಣಿ ಮನೆಗಳಲ್ಲಿ ಅಕ್ಕಿ, ಅವಲಕ್ಕಿ, ತೆಂಗಿನಕಾಯಿಗಳನ್ನು ಮಜ್ಜಿಗೆಯೊಡನೆ ರುಬ್ಬಿ, ಬೆಲ್ಲ ಅರಸಿನ ಬೆರೆಸಿ ಹುಳಿಯಿಟ್ಟು ಹುಯ್ಯುವ ಆ ದೋಸೆಯೂ ಹಳದಿ, ಅದರ ಮೈಯೂ ರಂಧ್ರಮಯ, ಅದನ್ನೂ ಮಗುಚುವುದಿಲ್ಲ, ಅದಕ್ಕೂ ಬೆಣ್ಣೆಯೇ ಜೊತೆ. ಒಂದರಲ್ಲಿ ಹುಳಿಯುವಿಕೆ ಮಾಡುವ ಕೆಲಸವನ್ನು ಇನ್ನೊಂದರಲ್ಲಿ ಸೋಡ ಮಾಡುತ್ತದೆ. ಇವೆರಡಕ್ಕೂ ವಂಶಸಂಬಂಧ ಕಲ್ಪಿಸಬೇಕಾಗಿಲ್ಲ. ಒಂದೇ ಹದಕ್ಕೆ ಎರಡು ಕಡಲತೀರದ ಕೈಗಳು ಬೇರೆಬೇರೆಯಾಗಿ ತಲಪಿವೆ.

ಆದರೆ ಹೆಸರಿನಲ್ಲಿ ನಿಜವಾದ ನಂಟೊಂದಿದೆ. ಮಲಯದ ‘ಅಪಂ’, ಜಾವಾ ಭಾಷೆಯ ‘ಅಪೆಂ’ ತಮಿಳಿನ ‘ಅಪ್ಪಂ’ ಕಡಲು ದಾಟಿದ ರೂಪಗಳು. ನಮ್ಮ ಗುಳಿಯಪ್ಪದ ‘ಅಪ್ಪ’ವೂ ಆ ಬಳಗದ್ದೇ. ಋಗ್ವೇದದಲ್ಲಿಯೂ ತುಪ್ಪ ಬೆರೆತ ‘ಅಪೂಪ’ದ ಪ್ರಸ್ತಾಪವಿದೆ. ಜಾವದ ಮುಸಲ್ಮಾನರು ಹಿರಿಯರನ್ನು ಸ್ಮರಿಸುವ ಊಟಗಳಲ್ಲಿ ಅಪೆಂ ಹಂಚುತ್ತಾರೆ. ಕ್ಷಮೆಯನ್ನು ಸೂಚಿಸುವ ಅರಬ್ಬಿ ಶಬ್ದದಿಂದ ಆ ಹೆಸರು ಬಂದಿತೆಂದು ಜನರ ನಂಬಿಕೆ. ವ್ಯುತ್ಪತ್ತಿಯ ದೃಷ್ಟಿಯಿಂದ ಅದು ಸರಿಯಲ್ಲದಿರಬಹುದು. ಮನಸ್ಸಿನ ದೃಷ್ಟಿಯಿಂದ ಸೊಗಸಾಗಿದೆ.

ತಿಂಡಿಯೂ ತಿಂಡಿಯವರೂ

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಿಹಿಯಾಗಿಯೇ ಮುಗಿಯುತ್ತಿತ್ತು. ಇತಿಹಾಸ ಅಷ್ಟು ಉದಾರಿಯಲ್ಲ. 1967ರಲ್ಲಿ ಸುಹಾರ್ತೊ ಆಡಳಿತ ಹೊರಡಿಸಿದ 14ನೆಯ ಆದೇಶವು ಚೀನೀ ಹಬ್ಬ ಆಚರಣೆಗಳನ್ನು ಬಹಿರಂಗವಾಗಿ ನಡೆಸದಂತೆ ನಿರ್ಬಂಧಿಸಿತು. ಚೀನೀ ಶಾಲೆಗಳು ಮುಚ್ಚಿದವು. ಲಿಪಿ ಅಂಗಡಿಯ ಫಲಕಗಳಿಂದ ಮರೆಯಾಯಿತು. ಅಸಂಖ್ಯಾತ ಕುಟುಂಬಗಳು ತಮ್ಮ ಹೆಸರನ್ನೇ ಬದಲಿಸಿಕೊಂಡು ಇಂಡೊನೇಷ್ಯದ ಹೆಸರುಗಳನ್ನು ತಳೆದವು. ಅದೇ ವರ್ಷಗಳಲ್ಲಿ ಅವರ ತಿಂಡಿ ಬೀದಿಬೀದಿಯಲ್ಲಿ ನಿರಾತಂಕವಾಗಿ ಮಾರಾಟವಾಗುತ್ತಿತ್ತು. 1998ರ ಮೇ ತಿಂಗಳಲ್ಲಿ ಜಕಾರ್ತ, ಸೋಲೋ ಮೊದಲಾದ ನಗರಗಳಲ್ಲಿ ಗಲಭೆಯೆದ್ದಿತು. ಚೀನೀ ಮೂಲದವರ ಅಂಗಡಿ ಮನೆಗಳು ಉರಿದವು, ಹೆಂಗಸರ ಮೇಲೆ ಅತ್ಯಾಚಾರಗಳು ನಡೆದವು, ಒಟ್ಟು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಕಲ್ಲೆಸೆದ ಕೈಗಳಲ್ಲಿ ಎಷ್ಟು ಕೈಗಳು ಹಿಂದಿನ ಸಂಜೆ ಆ ಬೆಳದಿಂಗಳ ತುಂಡನ್ನು ಹಿಡಿದಿದ್ದವೋ!

ಹಾಗಾದರೆ ಅನ್ನ ಜನರನ್ನು ಕೂಡಿಸುತ್ತದೆ ಎಂಬ ಮಾತನ್ನು ಎಚ್ಚರದಿಂದ ಆಡಬೇಕಾಗುತ್ತದೆ. ಪರರ ತಿಂಡಿಯನ್ನು ಮೆಚ್ಚುವುದು ಸುಲಭ. ಪರರನ್ನು ಪಕ್ಕದ ಮನೆಯವರೆಂದು ಒಪ್ಪುವುದು ಬೇರೆ ಕೆಲಸ. ಮೊದಲನೆಯದು ನಾಲಗೆಗೆ ಸೇರಿದ್ದು, ಎರಡನೆಯದು ಕಾನೂನಿಗೂ ಮನಸ್ಸಿಗೂ ಸೇರಿದ್ದು. ಇಂಡೊನೇಷ್ಯ ಆ ಎರಡನೆಯ ಕೆಲಸಕ್ಕೂ ಕೈಹಾಕಿತೆಂಬುದನ್ನು ಹೇಳಬೇಕು. 2000ದಲ್ಲಿ ಅಧ್ಯಕ್ಷ ಅಬ್ದುರ‍್ರಹಮಾನ್ ವಾಹಿದರು ಆ ಹಳೆಯ ಆದೇಶವನ್ನು ರದ್ದುಗೊಳಿಸಿದರು. 2003ರಿಂದ ಚೀನೀ ಹೊಸವರ್ಷ ರಾಷ್ಟ್ರೀಯ ರಜೆಯಾಯಿತು.

ಹೆಸರಿನ ವಿಷಯ ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ‘ಬಾಂಕಾ’ ಎಂದು ಫಲಕದಲ್ಲಿ ಬರೆದಿರುವವರೆಗೆ, ತವರದ ಗಣಿಗೆ ಇಳಿದವರ ನೆನಪು ಯಾರೂ ಅಳಿಸಲಾಗದಂತೆ ಬೀದಿಯಲ್ಲಿ ನಿಂತಿರುತ್ತದೆ. ‘ಹೊಕ್ ಲೋ’ ಎಂದು ಹಕ್ಕಾ ಮುದುಕಿಯೊಬ್ಬಳು ಹೇಳುವವರೆಗೆ, ಆ ಗಣಿಯವರೂ ಇನ್ನೊಬ್ಬರಿಂದ ಪಡೆದವರೇ ಎಂಬುದು ಮರೆಯುವುದಿಲ್ಲ. ‘ನಮ್ಮದು’ ಎಂಬ ಮುದ್ರೆ ಹೆಮ್ಮೆಯನ್ನು ಕಾಯುತ್ತದೆ. ‘ಅವರದು’ ಎಂಬ ಹೆಸರು ಋಣವನ್ನು ಕಾಯುತ್ತದೆ. ಧಾರವಾಡದ ಪೇಡೆಗೆ ಭೌಗೋಳಿಕ ಗುರುತು ದೊರೆತಾಗ ನಾವು ಹಿಗ್ಗಿದ್ದು ಸರಿಯೇ. ಅದನ್ನು ನಮಗೆ ಕೊಟ್ಟ ಮನೆತನ ಉತ್ತರದ ಉನ್ನಾವ್ ಪ್ರಾಂತದಿಂದ ಬಂದುದೆಂಬುದನ್ನೂ ಜೊತೆಗೆ ನೆನೆದರೆ ಪೇಡೆಯ ಸಿಹಿ ಕಡಿಮೆಯಾಗುವುದಿಲ್ಲ.

ಜಾವದಲ್ಲಿ ಒಂದು ವಿನೋದದ ವಾಡಿಕೆಯುಂಟು. ತರುಣನು ತಾನು ಮೆಚ್ಚಿದ ಹುಡುಗಿಯ ಮನೆಗೆ ಹೋಗುವಾಗ ಭಾವೀ ಅತ್ತೆ ಮಾವಂದಿರಿಗೆ ಒಂದು ಪೆಟ್ಟಿಗೆ ಮಾರ್ತಬಾಕ್ ಒಯ್ಯಬೇಕಂತೆ. ಅದು ಬಿಸಿಯಾಗಿದ್ದರೆ ಬಾಗಿಲು ಬೇಗ ತೆರೆಯುತ್ತದಂತೆ. ಬಾಗಿಲ ಹೊರಗಿರುವವನು ಒಳಗಿನವನಾಗಲು ಕೈಯಲ್ಲೊಂದು ಸಿಹಿ ಬೇಕು. ಒಳಗಿರುವವರಿಗೆ ಬಾಗಿಲು ತೆರೆಯುವ ಮನಸ್ಸೂ ಬೇಕು. ಹಕ್ಕಾ ಕೂಲಿಗಳು ಮೊದಲನೆಯದನ್ನು ತಂದು ಬಹಳ ಕಾಲವಾಯಿತು.